ಹಕ್ಕಿಜ್ವರ: ಹೊರುವವರು ಯಾರು, ಸಾಯುವವರು ಯಾರು?

(ಸಂಘದ ಬೆಳ್ಳಿಹಬ್ಬದ ಅಂಗವಾಗಿ ನಡೆದ ರೈತ ಗೋಷ್ಠಿಯಲ್ಲಿ ನಿವೃತ್ತ ಪಶುವೈದ್ಯರೊಬ್ಬರು ಮಾಡಿದ ಉಪನ್ಯಾಸದ ಬರಹ ರೂಪ)



ಬೆಳ್ಳಿಹಬ್ಬದ ದಿನ ಸಂಘದ ಏಳಿಗೆಯ ಬಗ್ಗೆ ನಾಲ್ಕು ಒಳ್ಳೆಯ ಮಾತು ಆಡುವುದು ವಾಡಿಕೆ. ಆ ಕೆಲಸವನ್ನು ನನಗಿಂತ ಮೊದಲು ಮಾತನಾಡಿದವರು ಚೆನ್ನಾಗಿ ಮಾಡಿದ್ದಾರೆ. ಕಾರ್ಯದರ್ಶಿಗಳು ನನಗೆ ಕೊಟ್ಟಿರುವ ವಿಷಯ ಹಕ್ಕಿಜ್ವರ. "ಹಬ್ಬದ ದಿನ ರೋಗದ ಮಾತು ಯಾಕೆ ಸ್ವಾಮಿ?" ಅಂತ ಕೇಳಿದೆ. "2025ರಲ್ಲಿ ಬಳ್ಳಾರಿ, ಚಿಕ್ಕಬಳ್ಳಾಪುರದ ಕಡೆ ಬಂತು ಅಂತ ಪೇಪರಿನಲ್ಲಿ ಬಂದಾಗಿನಿಂದ ಸಂಘದ ಜಗಲಿ ಮೇಲೆ ಅದೇ ಮಾತು. ಒಬ್ಬೊಬ್ಬರು ಒಂದೊಂದು ಹೇಳ್ತಾರೆ. ನೀವು ಬಂದು ಸರಿಯಾಗಿ ಹೇಳಿ" ಅಂದರು. ಜೊತೆಗೆ ಸದಸ್ಯರ ಪ್ರಶ್ನೆಗಳನ್ನೂ ಬರೆದು ಒಂದು ಚೀಟಿ ಕಳಿಸಿದರು.

ಆ ಚೀಟಿಯಲ್ಲಿ ಇರುವುದು ಇಷ್ಟು. ಗುಡವಿಯ ಹಕ್ಕಿಗಳಿಂದ ನಮ್ಮ ಕೋಳಿಗೆ ರೋಗ ಬರ್ತದಾ? ಕಾಗೆ ಸತ್ತು ಬಿದ್ದರೆ ಹೆದರಬೇಕಾ? ಬೆಕ್ಕಿಗೆ, ನಾಯಿಗೆ ಹಿಡೀತದಾ? ದನಕ್ಕೂ ಬಂದಿದೆಯಂತೆ, ಹಾಲು ಕುಡಿಯಬಹುದಾ? ಕೋಳಿ ಸತ್ತರೆ ಯಾರಿಗೆ ಹೇಳಬೇಕು, ಹೇಳಿದರೆ ಇರುವ ಕೋಳಿಯನ್ನೆಲ್ಲ ಕೊಂದು ಹಾಕ್ತಾರಂತಲ್ಲ?

ಎಲ್ಲವೂ ನ್ಯಾಯವಾದ ಪ್ರಶ್ನೆಗಳೇ. ಒಂದೊಂದಕ್ಕೂ ಉತ್ತರ ಹೇಳುತ್ತೇನೆ. ಆದರೆ ಮೊದಲು ಒಂದು ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಿ. ರೋಗವನ್ನು ಹೊರುವುದು ಬೇರೆ, ರೋಗದಿಂದ ಸಾಯುವುದು ಬೇರೆ. ಹೊತ್ತು ತಿರುಗುವ ಜೀವಿ ಅನೇಕ ಸಲ ಆರೋಗ್ಯವಾಗಿಯೇ ಕಾಣುತ್ತದೆ. ಸತ್ತು ಬೀಳುವ ಜೀವಿ ನಮಗೆ ಸುದ್ದಿ ಕೊಡುತ್ತದೆ. ನಾವು ಮಾತ್ರ ಯಾವಾಗಲೂ ಸತ್ತು ಬಿದ್ದವನ ಮೇಲೇ ತಪ್ಪು ಹೊರಿಸುತ್ತೇವೆ.

ಸೊರಬಕ್ಕೆ ಇದು ಹೊಸ ಪಾಠವಲ್ಲ

ಈ ಮಾತನ್ನು ಕಲಿಯಲು ನಾವು ದೂರ ಹೋಗಬೇಕಾಗಿಲ್ಲ. ಜಗತ್ತಿನ ವೈದ್ಯಕೀಯ ಪುಸ್ತಕಗಳಲ್ಲಿ ಸೊರಬ ತಾಲ್ಲೂಕಿನ ಒಂದು ಕಾಡಿನ ಹೆಸರು ಶಾಶ್ವತವಾಗಿ ನಿಂತಿದೆ. ಅದು ಕ್ಯಾಸನೂರು. 1957ರಲ್ಲಿ ಆ ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಸುತ್ತಲ ಊರಿನವರು ಜ್ವರದಲ್ಲಿ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ಪರೀಕ್ಷೆ ಮಾಡಿದರು. ಹೊರದೇಶದ ಹಳದಿ ಜ್ವರವೇ ಬಂತೇನೋ ಎಂಬ ಭಯವೂ ಮೊದಲಲ್ಲಿ ಇತ್ತು. ಆದರೆ ಸತ್ತ ಮಂಗದ ದೇಹದಲ್ಲಿ ಸಿಕ್ಕಿದ್ದು ಅದುವರೆಗೆ ಯಾರೂ ಕಾಣದ ವೈರಸ್. ಅದಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ ಅಂತಲೇ ಹೆಸರಾಯಿತು. ನಮ್ಮ ಬಾಯಲ್ಲಿ ಅದು ಮಂಗನ ಕಾಯಿಲೆ.

ಹೆಸರು ಮಂಗನದ್ದಾಯಿತು. ಆದರೆ ಮಂಗ ಮಾಡಿದ್ದೇನು? ಅದೂ ನಮ್ಮ ಹಾಗೆ ಕಾಯಿಲೆ ಬಿದ್ದು ಸತ್ತಿತು. ರೋಗವನ್ನು ಒಬ್ಬರಿಂದ ಒಬ್ಬರಿಗೆ ದಾಟಿಸುವುದು ದರಗಿನಲ್ಲಿ ಅಡಗಿರುವ ಉಣುಗು. ಕಾಡಿನ ಇಲಿ, ಸುಂಡಿಲಿಗಳಲ್ಲಿ ವೈರಸ್ ಸದ್ದಿಲ್ಲದೆ ಉಳಿದುಕೊಳ್ಳುತ್ತದೆ. ಕಾನಿನಲ್ಲಿ ಮೇಯುವ ನಮ್ಮ ದನ ಉಣುಗಿಗೆ ರಕ್ತ ಕೊಟ್ಟು ಅದರ ಸಂತಾನ ಬೆಳೆಸುತ್ತದೆ. ದನಕ್ಕೆ ಮಾತ್ರ ಏನೂ ಆಗುವುದಿಲ್ಲ. ಹೀಗೆ ಒಂದೇ ರೋಗದಲ್ಲಿ ಇಟ್ಟುಕೊಳ್ಳುವವರು, ದಾಟಿಸುವವರು, ಸಾಕುವವರು, ಸಾಯುವವರು ಎಲ್ಲ ಬೇರೆ ಬೇರೆ. ಮಂಗ ಸತ್ತರೆ ಆರೋಗ್ಯ ಇಲಾಖೆಗೆ ತಿಳಿಸಿ ಅಂತ ಇವತ್ತಿಗೂ ಹೇಳುವುದು ಮಂಗ ಅಪರಾಧಿ ಅಂತ ಅಲ್ಲ, ಅದು ಎಚ್ಚರಿಕೆಯ ಗಂಟೆ ಅಂತ.

ಇನ್ನೊಂದು ವಿಷಯ ನಿಮ್ಮಲ್ಲಿ ಅನೇಕರಿಗೆ ಗೊತ್ತಿರಲಾರದು. ಆ ಕಾಲದಲ್ಲಿ ಹಕ್ಕಿಗಳ ಮೇಲೂ ಅನುಮಾನ ಬಂದಿತ್ತು. ಕ್ಯಾಸನೂರಿನ ವೈರಸ್ ರಷ್ಯಾ ದೇಶದ ಒಂದು ಉಣುಗು ಜ್ವರದ ವೈರಸ್ಸಿಗೆ ದಾಯಾದಿ ಅಂತ ತಿಳಿದಾಗ, ಚಳಿಗಾಲಕ್ಕೆ ಸೈಬೀರಿಯಾದಿಂದ ಬರುವ ಹಕ್ಕಿಗಳು ಮೈಮೇಲೆ ಉಣುಗು ಹೊತ್ತು ತಂದವೇ ಎಂಬ ಪ್ರಶ್ನೆ ಎದ್ದಿತು. ಪಕ್ಷಿ ವಿಜ್ಞಾನಿ ಸಲೀಂ ಅಲಿ ಅವರಿದ್ದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ದೇಶದಲ್ಲಿ ದೊಡ್ಡ ಪ್ರಮಾಣದಲ್ಲಿ ಹಕ್ಕಿಗಳ ಕಾಲಿಗೆ ಉಂಗುರ ತೊಡಿಸುವ ಕೆಲಸ ಶುರು ಮಾಡಲು ಈ ಪ್ರಶ್ನೆಯೂ ಒಂದು ಕಾರಣ. ನಮ್ಮ ಕಾಯಿಲೆಯನ್ನು ಹಕ್ಕಿ ತಂದಿತು ಎಂಬುದು ಸಾಬೀತಾಗಲಿಲ್ಲ. ಆದರೆ ಯಾವ ಹಕ್ಕಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಎಂಬ ತಿಳಿವಳಿಕೆ ದೇಶಕ್ಕೆ ಸಿಕ್ಕಿತು. ಅನುಮಾನ ಬಂದಾಗ ಕಲ್ಲು ತೆಗೆದುಕೊಳ್ಳದೆ ಉಂಗುರ ತೊಡಿಸಿ ನೋಡಿದರು ನೋಡಿ, ಅದು ಸರಿಯಾದ ದಾರಿ.

ಹಕ್ಕಿಜ್ವರ ಎಂದರೇನು?

ನಮಗೆ ಬರುವ ಫ್ಲೂ ಜ್ವರದ ಜಾತಿಯದ್ದೇ ಒಂದು ವೈರಸ್ ಇದು. ಇದರಲ್ಲಿ ಅನೇಕ ಒಳಪಂಗಡಗಳಿವೆ. ವೈರಸ್ಸಿನ ಮೈಮೇಲಿರುವ ಎರಡು ಬಗೆಯ ಮುಳ್ಳುಗಳಿಗೆ ಎಚ್ ಮತ್ತು ಎನ್ ಎಂದು ಹೆಸರಿಟ್ಟು, ಅವಕ್ಕೆ ಸಂಖ್ಯೆ ಕೊಟ್ಟು ಗುರುತಿಸುತ್ತಾರೆ. ಪೇಪರಿನಲ್ಲಿ ಓದುವ ಎಚ್5ಎನ್1, ಎಚ್5ಎನ್8 ಎಲ್ಲ ಹೀಗೆ ಬಂದ ಹೆಸರುಗಳು. ಕೆಲವು ಪಂಗಡಗಳಿಂದ ಕೋಳಿಗೆ ಸಣ್ಣ ನೆಗಡಿಯಾದಂತೆ ಆಗಿ, ಮೊಟ್ಟೆ ಸ್ವಲ್ಪ ಕಡಿಮೆಯಾಗಿ ಹೋಗಬಹುದು. ಎಚ್5 ಮತ್ತು ಎಚ್7 ಪಂಗಡಗಳು ಕೋಳಿಗಳ ಗುಂಪಿನಲ್ಲಿ ಸೇರಿಕೊಂಡು ಬದಲಾದರೆ ತೀವ್ರ ರೂಪ ತಾಳುತ್ತವೆ. ಆಗ ಗೂಡಿಗೆ ಗೂಡೇ ಖಾಲಿಯಾಗುತ್ತದೆ.

ಈಗ ಜಗತ್ತನ್ನು ಕಾಡುತ್ತಿರುವ ಎಚ್5ಎನ್1 ವಂಶದ ಮೂಲ 1996ರಲ್ಲಿ ಚೀನಾದ ಗುವಾಂಗ್‌ಡಾಂಗ್ ಪ್ರಾಂತ್ಯದ ಸಾಕು ಹೆಬ್ಬಾತಿನಲ್ಲಿ ಸಿಕ್ಕಿತು. 1997ರಲ್ಲಿ ಹಾಂಗ್‌ಕಾಂಗಿನಲ್ಲಿ 18 ಜನರಿಗೆ ಹಿಡಿದು 6 ಮಂದಿ ತೀರಿಕೊಂಡರು. ಭಾರತಕ್ಕೆ ಇದು ಮೊದಲು ಕಾಲಿಟ್ಟಿದ್ದು 2006ರ ಫೆಬ್ರವರಿಯಲ್ಲಿ, ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ನವಾಪುರದಲ್ಲಿ. ಅಂದರೆ ನಮ್ಮ ಸಂಘಕ್ಕಿಂತ ಸ್ವಲ್ಪ ಚಿಕ್ಕ ವಯಸ್ಸು ಅದಕ್ಕೆ.

ಮೊದಲ ಮನೆ ನೀರಹಕ್ಕಿಯದು

ಈ ವೈರಸ್ಸುಗಳ ಮೂಲ ಮನೆ ಕಾಡು ನೀರಹಕ್ಕಿಗಳು. ಅದರಲ್ಲೂ ಬಾತು, ಹೆಬ್ಬಾತುಗಳ ಕುಲ ಮತ್ತು ಕಡಲ ತೀರದ ಹಕ್ಕಿಗಳು. ಬಾತಿನ ಕರುಳಿನಲ್ಲಿ ವೈರಸ್ ಬೆಳೆದು ಹಿಕ್ಕೆಯ ಜೊತೆ ನೀರಿಗೆ ಬೀಳುತ್ತದೆ. ಅದೇ ನೀರನ್ನು ಇನ್ನೊಂದು ಬಾತು ಕುಡಿಯುತ್ತದೆ. ತಣ್ಣನೆಯ ನೀರಿನಲ್ಲಿ ವೈರಸ್ ಹಲವು ದಿನ, ಕೆಲವೊಮ್ಮೆ ವಾರಗಟ್ಟಲೆ ಬದುಕಿರುತ್ತದೆ. ಬಾತು ಮಾತ್ರ ಈಜಿಕೊಂಡು, ಹಾರಿಕೊಂಡು ಇರುತ್ತದೆ. ಹಳೆಯ ಕಾಲದ ಸೌಮ್ಯ ಪಂಗಡಗಳ ವಿಷಯದಲ್ಲಿ ಬಾತಿಗೂ ವೈರಸ್ಸಿಗೂ ಒಂದು ಒಪ್ಪಂದ ಇದ್ದ ಹಾಗೆ ಅಂದರೂ ಆಗುತ್ತದೆ.

ತೀವ್ರ ರೂಪ ಮಾತ್ರ ಹುಟ್ಟಿದ್ದು ಸಾಕುಹಕ್ಕಿಗಳ ಇಕ್ಕಟ್ಟಿನ ಗೂಡುಗಳಲ್ಲಿ. ಅಲ್ಲಿಂದ ಅದು ತಿರುಗಿ ಕಾಡುಹಕ್ಕಿಗೆ ಹೋಯಿತು. 2005ರಲ್ಲಿ ಚೀನಾದ ಚಿಂಘಾಯ್ ಸರೋವರದಲ್ಲಿ ಪಟ್ಟೆತಲೆ ಹೆಬ್ಬಾತು ಮುಂತಾದ ಹಕ್ಕಿಗಳು ಸಾವಿರಗಟ್ಟಲೆ ಸತ್ತವು. 2021ರ ಜನವರಿಯಲ್ಲಿ ಹಿಮಾಚಲ ಪ್ರದೇಶದ ಪೋಂಗ್ ಅಣೆಕಟ್ಟಿನ ಹಿನ್ನೀರಿನಲ್ಲಿಯೂ ಅದೇ ಕಥೆ. ಚಳಿಗಾಲದಲ್ಲಿ ನಮ್ಮ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಬರುವುದೂ ಇದೇ ಜಾತಿಯ ಹೆಬ್ಬಾತು. ಆದ್ದರಿಂದ ಕಾಡುಹಕ್ಕಿ ರೋಗವನ್ನು ಸಾಗಿಸುತ್ತದೆ ಎಂಬುದೂ ನಿಜ, ನಾವು ಬೆಳೆಸಿದ ರೋಗಕ್ಕೆ ಅದು ಬಲಿಯಾಗುತ್ತದೆ ಎಂಬುದೂ ನಿಜ.

ಗುಡವಿಯ ಹಕ್ಕಿಗಳ ವಿಷಯ

ಈಗ ಗುಡವಿಗೆ ಬರೋಣ. ಮಳೆಗಾಲದಲ್ಲಿ ಗುಡವಿ ಕೆರೆಯ ಮರಗಳ ಮೇಲೆ ಗೂಡು ಕಟ್ಟುವುದು ಬಿಳಿ ಮೈ, ಕಪ್ಪು ತಲೆ, ಬಾಗಿದ ಕೊಕ್ಕಿನ ಕೆಂಬರಲು, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ, ಬಕ ಮುಂತಾದವು. ಇವು ಬಾತಿನ ಕುಲದವಲ್ಲ, ಹೆಚ್ಚಿನವು ನಮ್ಮ ನಾಡಿನಲ್ಲೇ ಓಡಾಡುವ ಹಕ್ಕಿಗಳು. ಇವಕ್ಕೆ ಹಕ್ಕಿಜ್ವರ ಬರುವುದೇ ಇಲ್ಲ ಅಂತ ನಾನು ಹೇಳುವುದಿಲ್ಲ. ಬಕ, ನೀರುಕಾಗೆ ಜಾತಿಯ ಹಕ್ಕಿಗಳು ಬೇರೆ ಕಡೆಗಳಲ್ಲಿ ಇದರಿಂದ ಸತ್ತಿವೆ. ಆದರೆ ಈ ವೈರಸ್ಸಿನ ಹಳೆಯ ಮನೆ ಇವಲ್ಲ. ದೂರದ ಉತ್ತರದಿಂದ ಬರುವ ಬಾತುಗಳು ನಮ್ಮ ಕಡೆಯ ಕೆರೆ, ಜಲಾಶಯಗಳಲ್ಲಿ ಕಾಣಿಸುವುದು ದೀಪಾವಳಿ ಕಳೆದ ಮೇಲೆ, ಚಳಿಗಾಲದಲ್ಲಿ. ಮದಗದ ಕೆರೆ, ಅಂಜನಾಪುರ ಜಲಾಶಯದ ಕಡೆಯವರು ನೋಡಿರುತ್ತೀರಿ.

ಹಾಗಾದರೆ ಹಕ್ಕಿಗಳನ್ನು ಓಡಿಸಿಬಿಡೋಣವೇ? ಪಟಾಕಿ ಹೊಡೆದು, ಗೂಡಿನ ಮರ ಕಡಿದು? ಬೇಡ ಮಾರಾಯ್ರೆ. ಒಂದು ಕೆರೆಯಲ್ಲಿ ರೋಗದ ಹಕ್ಕಿ ಇದ್ದರೆ, ಓಡಿಸಿದಾಗ ಅದು ಹತ್ತು ಕೆರೆಗೆ ಹೋಗುತ್ತದೆ. ನಾವೇ ರೋಗವನ್ನು ಹಂಚಿದಂತೆ. ಮಾಡಬೇಕಾದ್ದು ಬೇರೆ. ಹಕ್ಕಿ ಇಳಿಯುವ ಕೆರೆಗೆ ನಮ್ಮ ಬಾತುಕೋಳಿ ಬಿಡಬಾರದು. ಆ ನೀರನ್ನು ಕೋಳಿಗೆ ಕುಡಿಸಬಾರದು. ಕೆರೆ ಅಂಗಳದ ಕೆಸರು ಮೆಟ್ಟಿದ ಕಾಲಲ್ಲಿ ಕೋಳಿ ಗೂಡಿನೊಳಗೆ ಹೋಗಬಾರದು. ನಿಮ್ಮ ಗೂಡಿಗೆ ರೋಗ ಬರುವ ದಾರಿಯಲ್ಲಿ ಆಕಾಶದ ದಾರಿ ಒಂದು ಮಾತ್ರ. ಸಂತೆಯಿಂದ ತಂದ ಕೋಳಿ, ಊರೂರು ಸುತ್ತಿ ಬಂದ ಪಂಜರ, ಮೊಟ್ಟೆ ಟ್ರೇ, ಕೋಳಿ ಸಾಗಿಸುವ ಗಾಡಿಯ ಚಕ್ರ, ವ್ಯಾಪಾರಿಯ ಚಪ್ಪಲಿ, ಇವೆಲ್ಲ ನೆಲದ ದಾರಿಗಳು. ನಮ್ಮ ಕೈಯಲ್ಲಿ ಮುಚ್ಚಲು ಸಾಧ್ಯವಿರುವುದೂ ಇವೇ.

ಸಾಕುಹಕ್ಕಿಗಳು

ಸಾಯುವವರ ಸಾಲಿನಲ್ಲಿ ಮೊದಲು ನಿಲ್ಲುವುದು ಕೋಳಿ ಮತ್ತು ಟರ್ಕಿ ಕೋಳಿ. ತೀವ್ರ ಹಕ್ಕಿಜ್ವರ ಹೊಕ್ಕರೆ ಒಂದೆರಡು ದಿನದಲ್ಲೇ ಸಾವು ಶುರುವಾಗುತ್ತದೆ. ಬೆಳಿಗ್ಗೆ ಚೆನ್ನಾಗಿದ್ದ ಕೋಳಿ ಸಂಜೆಗೆ ಇಲ್ಲ. ಜುಟ್ಟು ಮತ್ತು ಗಲ್ಲದ ಜೋಲು ನೀಲಿಗಟ್ಟುವುದು, ತಲೆ ಊದುವುದು, ಕಾಲಿನ ಮೇಲೆ ಕೆಂಪು ಚುಕ್ಕೆ, ಮೂಗು ಸೋರುವುದು, ಮೊಟ್ಟೆ ನಿಂತುಹೋಗುವುದು ಇದರ ಲಕ್ಷಣಗಳು. ಎಷ್ಟೋ ಸಲ ಯಾವ ಲಕ್ಷಣವೂ ಕಾಣುವ ಮೊದಲೇ ಸಾಯುತ್ತವೆ. ಗೌಜಲ ಹಕ್ಕಿ, ಗಿನಿ ಕೋಳಿಗೂ ರೋಗ ಹಿಡಿಯುತ್ತದೆ.

ಸಾಕಿದ ಬಾತುಕೋಳಿಯ ಸ್ವಭಾವ ಬೇರೆ. ಕೆಲವು ಸಾಯುತ್ತವೆ. ಕೆಲವು ಏನೂ ಆಗದ ಹಾಗೆ ಓಡಾಡಿಕೊಂಡು ದಿನಗಟ್ಟಲೆ ವೈರಸ್ ಚೆಲ್ಲುತ್ತವೆ. ಅದಕ್ಕೇ ಕೋಳಿ ಮತ್ತು ಬಾತುಕೋಳಿಯನ್ನು ಒಂದೇ ಗೂಡಿನಲ್ಲಿ ಸಾಕಬಾರದು. 2021ರ ಜನವರಿಯಲ್ಲಿ ಕೇರಳದ ಆಲಪ್ಪುಳ, ಕೋಟ್ಟಯಂ ಜಿಲ್ಲೆಗಳ ಬಾತು ಸಾಕುವವರು ಇದರಿಂದ ದೊಡ್ಡ ನಷ್ಟ ಅನುಭವಿಸಿದರು. ಅಲ್ಲಿ ಗದ್ದೆ ಕೊಯಿಲಾದ ಮೇಲೆ ಬಾತುಗಳನ್ನು ಗದ್ದೆಯಿಂದ ಗದ್ದೆಗೆ ಹೊಡೆದುಕೊಂಡು ಹೋಗಿ ಮೇಯಿಸುವ ಪದ್ಧತಿ ಇದೆ.

ನಮ್ಮ ರಾಜ್ಯದ ಲೆಕ್ಕವನ್ನೂ ಹೇಳಿಬಿಡುತ್ತೇನೆ. 2012ರ ಅಕ್ಟೋಬರಿನಲ್ಲಿ ಬೆಂಗಳೂರಿನ ಹತ್ತಿರ ಹೆಸರಘಟ್ಟದಲ್ಲಿ ಟರ್ಕಿ ಕೋಳಿಗಳಿಗೆ ಬಂತು. 2016ರಲ್ಲಿ ಬೀದರ್ ಜಿಲ್ಲೆಯ ಹುಮನಾಬಾದ್ ತಾಲ್ಲೂಕಿಗೆ ಬಂತು. 2018ರ ಮೊದಲಲ್ಲಿ ಬೆಂಗಳೂರಿನ ದಾಸರಹಳ್ಳಿಯಲ್ಲಿ ಸುದ್ದಿಯಾಯಿತು. 2020ರ ಮಾರ್ಚಿನಲ್ಲಿ ಮೈಸೂರಿನಲ್ಲೂ, ದಾವಣಗೆರೆ ಜಿಲ್ಲೆ ಹರಿಹರ ತಾಲ್ಲೂಕಿನ ಬನ್ನಿಕೋಡಿನಲ್ಲೂ ಕಾಣಿಸಿತು. 2025ರಲ್ಲಿ ಚಿಕ್ಕಬಳ್ಳಾಪುರದ ವರದಹಳ್ಳಿ, ಸಂಡೂರು ತಾಲ್ಲೂಕಿನ ಕುರೇಕುಪ್ಪ. ಶಿಕಾರಿಪುರದಿಂದ ಹೊನ್ನಾಳಿ ದಾಟಿದರೆ ಹರಿಹರದ ಸೀಮೆ. ಆದ್ದರಿಂದ ಇದು ದೂರದ ಊರಿನ ಸುದ್ದಿ ಅಂತ ಕೂರುವ ಹಾಗಿಲ್ಲ.

ಇಲ್ಲಿ ಒಂದು ಎಚ್ಚರಿಕೆ. ಕೋಳಿ ಸತ್ತದ್ದೆಲ್ಲ ಹಕ್ಕಿಜ್ವರವಲ್ಲ. ನಮ್ಮ ಹಿತ್ತಲ ಕೋಳಿಗಳನ್ನು ವರ್ಷವೂ ಕಾಡುವುದು ಕೊಕ್ಕರೆ ರೋಗ, ಅಂದರೆ ರಾಣಿಖೇತ್ ರೋಗ. ಅದರ ವೈರಸ್ಸೇ ಬೇರೆ. ಹೆಸರಿನಲ್ಲಿ ಕೊಕ್ಕರೆ ಇದೆ ಅಂತ ಕೆರೆಯ ಕೊಕ್ಕರೆಯ ಮೇಲೆ ದೂರು ಹೇಳಬೇಡಿ. ಅದಕ್ಕೆ ಲಸಿಕೆ ಇದೆ, ಹಾಕಿಸಿ. ತೀವ್ರ ಹಕ್ಕಿಜ್ವರಕ್ಕೆ ನಮ್ಮ ದೇಶದಲ್ಲಿ ಕೋಳಿಗೆ ಲಸಿಕೆ ಹಾಕುವ ಕ್ರಮವಿಲ್ಲ. ಎರಡೂ ರೋಗ ನೋಡಲು ಒಂದೇ ಥರ. ನಾನಾಗಲಿ ನೀವಾಗಲಿ ಕಣ್ಣಲ್ಲಿ ನೋಡಿ ಇದು ಅದೇ ಅಂತ ಹೇಳಲು ಬರುವುದಿಲ್ಲ. ಹಕ್ಕಿಜ್ವರ ಖಚಿತವಾಗಬೇಕಾದರೆ ಮಾದರಿ ಭೋಪಾಲದ ಪ್ರಯೋಗಾಲಯಕ್ಕೆ ಹೋಗಿ ಬರಬೇಕು. ಆದ್ದರಿಂದ ಜಗಲಿ ಮೇಲೆ ಕೂತು ತೀರ್ಪು ಕೊಡುವುದು ಬೇಡ. ಮುಚ್ಚಿಡುವುದೂ ಬೇಡ.

ಕಾಗೆ, ಪಾರಿವಾಳ, ಹದ್ದು

ಕಾಗೆ ಹೊಲಸು, ಸತ್ತ ಕೋಳಿ, ಕೋಳಿ ಅಂಗಡಿಯ ಕರುಳು ಎಲ್ಲ ತಿನ್ನುವ ಹಕ್ಕಿ. ಹಾಗಾಗಿ ಅದಕ್ಕೆ ರೋಗ ಬೇಗ ತಗಲುತ್ತದೆ, ಸಾಯುವುದೂ ಕಣ್ಣಿಗೆ ಬೀಳುತ್ತದೆ. 2021ರ ಮೊದಲಲ್ಲಿ ರಾಜಸ್ಥಾನದ ಝಾಲಾವಾಡ, ಮಧ್ಯಪ್ರದೇಶದ ಇಂದೋರ್ ಕಡೆ ಮೊದಲು ಸುದ್ದಿ ಕೊಟ್ಟಿದ್ದು ಕಾಗೆಗಳೇ. ಮಂಗನ ಕಾಯಿಲೆಗೆ ಮಂಗ ಹೇಗೋ, ಹಕ್ಕಿಜ್ವರಕ್ಕೆ ಕಾಗೆ ಹಾಗೆ. ಒಂದು ಕಾಗೆ ಕರೆಂಟ್ ತಂತಿ ತಾಗಿ ಸತ್ತರೆ ಗಾಬರಿ ಬೇಡ. ಒಂದೇ ಕಡೆ ನಾಲ್ಕಾರು ಕಾಗೆ ಸತ್ತು ಬಿದ್ದರೆ ಮುಟ್ಟದೆ ತಿಳಿಸಿ.

ಪಾರಿವಾಳಕ್ಕೆ ಈ ರೋಗ ಅಷ್ಟು ಸುಲಭವಾಗಿ ಹಿಡಿಯುವುದಿಲ್ಲ, ಹಿಡಿದರೂ ಅದು ಚೆಲ್ಲುವ ವೈರಸ್ ಕಡಿಮೆ. ಗುಬ್ಬಿ, ಗೊರವಂಕಗಳಿಗೆ ಬರಬಹುದು. ಅವು ಕೋಳಿಯ ಕಾಳು ಹೆಕ್ಕಲು ಗೂಡಿನೊಳಗೆ ನುಗ್ಗುವುದರಿಂದ ಬಲೆ ಕಟ್ಟುವುದು ಒಳ್ಳೆಯದು. ಹದ್ದು, ಗಿಡುಗ, ಗೂಬೆಗಳು ರೋಗದ ಹಕ್ಕಿಯನ್ನು ತಿಂದು ಸಾಯುತ್ತವೆ. ನವಿಲೂ ಕೋಳಿಯ ಕುಲದ್ದೇ, ಅದಕ್ಕೂ ತಪ್ಪಿದ್ದಲ್ಲ.

ನಾಲ್ಕು ಕಾಲಿನವು

ಹೆಸರು ಹಕ್ಕಿಜ್ವರವಾದರೂ ಅದು ಹಕ್ಕಿಯಲ್ಲೇ ನಿಂತಿಲ್ಲ. ಬೆಕ್ಕಿನ ಕುಲಕ್ಕೆ ಇದು ಬಹಳ ಕೆಟ್ಟದ್ದು. 2004ರಲ್ಲಿ ಥಾಯ್ಲೆಂಡಿನ ಒಂದು ಪ್ರಾಣಿಸಂಗ್ರಹಾಲಯದಲ್ಲಿ ಹಸಿ ಕೋಳಿ ಮಾಂಸ ತಿಂದ ಹುಲಿಗಳು ಸತ್ತವು. 2024ರ ಡಿಸೆಂಬರಿನಲ್ಲಿ ನಾಗಪುರದ ಗೋರೆವಾಡ ರಕ್ಷಣಾ ಕೇಂದ್ರದಲ್ಲಿ ಮೂರು ಹುಲಿ, ಒಂದು ಚಿರತೆ ಎಚ್5ಎನ್1ನಿಂದ ಸತ್ತವು. 2025ರ ಜನವರಿಯಲ್ಲಿ ಮಧ್ಯಪ್ರದೇಶದ ಛಿಂದ್ವಾಡದಲ್ಲಿ ಸಾಕು ಬೆಕ್ಕುಗಳಲ್ಲಿಯೂ ಇದು ಪತ್ತೆಯಾಯಿತು. ಸತ್ತ ಕೋಳಿಯನ್ನು ಹಿತ್ತಲಿಗೆ ಎಸೆದರೆ ಅದನ್ನು ಮೊದಲು ಎಳೆದುಕೊಂಡು ಹೋಗುವುದು ನಮ್ಮ ಬೆಕ್ಕು. ಅದೇ ಬೆಕ್ಕು ರಾತ್ರಿ ಮಕ್ಕಳ ಮಗ್ಗುಲಲ್ಲಿ ಮಲಗುತ್ತದೆ. ಇಷ್ಟು ಹೇಳಿದರೆ ಸಾಕಲ್ಲ?

ನಾಯಿಗೂ ಬರಬಹುದು, ಬೆಕ್ಕಿನಷ್ಟು ಸುಲಭವಾಗಿ ಅಲ್ಲ. ನರಿ ಜಾತಿಯ ಪ್ರಾಣಿಗಳು ಬೇರೆ ದೇಶಗಳಲ್ಲಿ ಸತ್ತ ಹಕ್ಕಿ ತಿಂದು ರೋಗ ಹತ್ತಿಸಿಕೊಂಡಿವೆ. 2022ರಲ್ಲಿ ಸ್ಪೇನ್ ದೇಶದಲ್ಲಿ ತುಪ್ಪಳಕ್ಕಾಗಿ ಸಾಕುವ ಮಿಂಕ್ ಎಂಬ ಪ್ರಾಣಿಗಳ ದೊಡ್ಡಿಗೆ ಹೊಕ್ಕಿತು. 2022-23ರಲ್ಲಿ ಪೆರು, ಚಿಲಿ ದೇಶಗಳ ಕಡಲ ತೀರದಲ್ಲಿ ಕಡಲಸಿಂಹಗಳು ಸಾವಿರಗಟ್ಟಲೆ ಸತ್ತವು.

ಹಂದಿಯ ವಿಷಯ ಬೇರೆ ಕಾರಣಕ್ಕೆ ಮುಖ್ಯ. ಹಂದಿಗೆ ಹಕ್ಕಿಯ ಫ್ಲೂ ಕೂಡ ಹಿಡಿಯಬಲ್ಲದು, ಮನುಷ್ಯರ ಫ್ಲೂ ಕೂಡ ಹಿಡಿಯಬಲ್ಲದು. ಎರಡೂ ಒಟ್ಟಿಗೆ ಒಂದೇ ಹಂದಿಯಲ್ಲಿ ಸೇರಿದರೆ ಬೆರೆತು ಮೂರನೆಯದು ಹುಟ್ಟಬಹುದು. ಹಂದಿ ಮತ್ತು ಕೋಳಿ ಸಾಕುವ ಜಾಗ ದೂರ ದೂರ ಇರಬೇಕು ಎನ್ನುವುದು ಇದಕ್ಕೇ.

ಇನ್ನು ದನ. ಇಲ್ಲಿರುವ ಹೆಚ್ಚಿನವರ ಮನೆಯಲ್ಲಿ ಕರಾವು ಇದೆ, ಆದ್ದರಿಂದ ಸರಿಯಾಗಿ ಕೇಳಿಸಿಕೊಳ್ಳಿ. 2024ರ ಮಾರ್ಚಿನಲ್ಲಿ ಅಮೆರಿಕದ ಟೆಕ್ಸಾಸ್, ಕಾನ್ಸಾಸ್ ರಾಜ್ಯಗಳ ಹಾಲಿನ ಹಸುಗಳಲ್ಲಿ ಎಚ್5ಎನ್1 ಪತ್ತೆಯಾಯಿತು. ಅಲ್ಲಿಂದ ಇತರ ರಾಜ್ಯಗಳಿಗೂ ಹಬ್ಬಿತು. ಹಸುಗಳು ಹೆಚ್ಚಾಗಿ ಸಾಯಲಿಲ್ಲ. ಮೇವು ಬಿಟ್ಟವು, ಹಾಲು ಇಳಿಯಿತು, ಗಟ್ಟಿಯಾಗಿ ಗಿಣ್ಣಿನ ಹಾಗೆ ಬಂತು. ವೈರಸ್ ಕೆಚ್ಚಲಿನಲ್ಲಿ ಬೆಳೆದು ಹಾಲಿನಲ್ಲಿ ಇಳಿಯುತ್ತಿತ್ತು. ಆ ಹಸಿ ಹಾಲು ಕುಡಿದ ದೊಡ್ಡಿಯ ಬೆಕ್ಕುಗಳು ಸತ್ತವು. ಅದೇ ವರ್ಷ ಅಲ್ಲಿಯೇ ಮೇಕೆ ಮರಿಗಳಲ್ಲಿಯೂ, 2025ರಲ್ಲಿ ಇಂಗ್ಲೆಂಡಿನಲ್ಲಿ ಒಂದು ಕುರಿಯಲ್ಲಿಯೂ ಸಿಕ್ಕಿತು. ನಿಮ್ಮ ಕೊಟ್ಟಿಗೆಗೆ ಬಂದಿದೆ ಅಂತ ಹೆದರಿಸಲು ಇದನ್ನು ಹೇಳುತ್ತಿಲ್ಲ. ಹಾಲು ಕಾಯಿಸಿದರೆ ಈ ವೈರಸ್ ಸಾಯುತ್ತದೆ. ಕಾಯಿಸಿ ಕುಡಿಯುವುದು ನಮ್ಮ ಅಜ್ಜಿಯರು ಹೇಳಿಕೊಟ್ಟ ಪದ್ಧತಿ, ಅದನ್ನು ಬಿಡಬೇಡಿ. ಕರೆಯುತ್ತ ಕರೆಯುತ್ತ ಹಸಿ ಹಾಲನ್ನು ಬೆಕ್ಕಿನ ಬಟ್ಟಲಿಗೆ ಸುರಿಯುವುದನ್ನು ಮಾತ್ರ ನಿಲ್ಲಿಸಿ.

ಮನುಷ್ಯರಿಗೆ

ಮನುಷ್ಯರಿಗೆ ಈ ರೋಗ ಅಪರೂಪ. ಆದರೆ ಬಂದರೆ ಕಠಿಣ. 2003ರಿಂದ ಈಚೆಗೆ ಜಗತ್ತಿನಲ್ಲಿ 900ಕ್ಕೂ ಹೆಚ್ಚು ಜನರಿಗೆ ಎಚ್5ಎನ್1 ಬಂದದ್ದು ಖಚಿತವಾಗಿದೆ. ಅವರಲ್ಲಿ ಅರ್ಧಕ್ಕೆ ಹತ್ತಿರ ಮಂದಿ ತೀರಿಕೊಂಡಿದ್ದಾರೆ. ನಮ್ಮ ದೇಶದಲ್ಲಿ 2021ರಲ್ಲಿ ಹರಿಯಾಣದ ಒಬ್ಬ ಬಾಲಕ, 2025ರಲ್ಲಿ ಆಂಧ್ರಪ್ರದೇಶದ ಎರಡು ವರ್ಷದ ಒಂದು ಮಗು ಇದಕ್ಕೆ ಬಲಿಯಾದರು. ಆ ಮಗು ಹಸಿ ಕೋಳಿ ಮಾಂಸದ ಚೂರು ತಿಂದಿತ್ತು. ಮನುಷ್ಯರಿಂದ ಮನುಷ್ಯರಿಗೆ ಇದು ಸಲೀಸಾಗಿ ಹರಡುವುದಿಲ್ಲ. ಹರಡಲು ಕಲಿಯದಿರಲಿ ಅಂತಲೇ ಪ್ರಾಣಿಗಳಲ್ಲಿಯೇ ಅದನ್ನು ತಡೆಯಬೇಕು.

ಬೇಯಿಸಿದ ಕೋಳಿ ಮಾಂಸ, ಬೇಯಿಸಿದ ಮೊಟ್ಟೆ ತಿನ್ನಲು ಭಯವಿಲ್ಲ. 70 ಡಿಗ್ರಿ ಬಿಸಿಯಲ್ಲಿ ಚೆನ್ನಾಗಿ ಬೆಂದರೆ ವೈರಸ್ ಉಳಿಯುವುದಿಲ್ಲ. ನಮ್ಮ ಸಾರು ಕುದಿಯುವುದು ಅದಕ್ಕಿಂತ ಎಷ್ಟೋ ಹೆಚ್ಚು ಬಿಸಿಯಲ್ಲಿ. ಅಪಾಯ ಇರುವುದು ಊಟದ ಎಲೆಯಲ್ಲಿ ಅಲ್ಲ, ಕೊಯ್ಯುವ ಜಾಗದಲ್ಲಿ, ಪುಕ್ಕ ತರಿಯುವ ಕೈಯಲ್ಲಿ, ಗೂಡು ಗುಡಿಸುವಾಗ ಏಳುವ ದೂಳಿನಲ್ಲಿ. ಆ ಕೆಲಸ ಮಾಡುವವರು ನಮ್ಮ ತಾಯಂದಿರು ಮತ್ತು ಮಕ್ಕಳು. ಆದ್ದರಿಂದ ಈ ಮಾತು ಮುಖ್ಯವಾಗಿ ಅವರಿಗೆ ತಲುಪಬೇಕು.

ಹೇಳಿದರೆ ನಷ್ಟವೋ, ಹೇಳದಿದ್ದರೆ ನಷ್ಟವೋ?

ಕೊನೆಯ ಪ್ರಶ್ನೆಯೇ ದೊಡ್ಡದು. ಹಳ್ಳಿಯ ಪಶು ಆಸ್ಪತ್ರೆಗಳಲ್ಲಿ ದುಡಿದ ವರ್ಷಗಳಲ್ಲಿ ನಾನು ಕಂಡದ್ದು ಇದು. ಗೂಡಿನಲ್ಲಿ ಕೋಳಿ ಸಾಯತೊಡಗಿದರೆ ಮನೆಯವರು ಮೂರು ಕೆಲಸ ಮಾಡುತ್ತಾರೆ. ಸತ್ತದ್ದನ್ನು ಹಳ್ಳಕ್ಕೆ ಎಸೆಯುತ್ತಾರೆ. ಮಂಕಾದದ್ದನ್ನು ಕೊಯ್ದು ಸಾರು ಮಾಡುತ್ತಾರೆ. ಚೆನ್ನಾಗಿರುವುದನ್ನು ಸಂತೆಗೆ ಒಯ್ದು ಸಿಕ್ಕ ಬೆಲೆಗೆ ಮಾರುತ್ತಾರೆ. ಅವರನ್ನು ನಾನು ದೂರುವುದಿಲ್ಲ. ಹತ್ತು ನಾಟಿಕೋಳಿ ಅಂದರೆ ಬಡವರ ಮನೆಯ ಬ್ಯಾಂಕು ಅದು. ಮಗಳ ಪುಸ್ತಕಕ್ಕೆ, ಆಸ್ಪತ್ರೆ ಖರ್ಚಿಗೆ ಆಗುವ ಕಾಸು. ಆದರೆ ಆ ಮೂರೂ ಕೆಲಸ ರೋಗಕ್ಕೆ ಮೂರು ದಾರಿ ತೆರೆದುಕೊಡುತ್ತವೆ. ಹಳ್ಳದಿಂದ ಕಾಗೆಗೆ, ನಾಯಿಗೆ. ಕೊಯ್ಯುವ ಕೈಯಿಂದ ಮನೆಮಂದಿಗೆ. ಸಂತೆಯಿಂದ ಇನ್ನೂ ಹತ್ತು ಊರಿಗೆ.

ಇಲಾಖೆಯವರು ಬಂದರೆ ಕೋಳಿ ಕೊಲ್ಲುತ್ತಾರೆ ಎನ್ನುವುದು ನಿಜ, ಆದರೆ ಹಕ್ಕಿಜ್ವರ ಪ್ರಯೋಗಾಲಯದಲ್ಲಿ ಖಚಿತವಾದ ಮೇಲೆ ಮಾತ್ರ. ಆಗ ಸುತ್ತಲಿನ 1 ಕಿಲೋಮೀಟರ್ ಒಳಗಿನ ಸಾಕುಹಕ್ಕಿಗಳನ್ನು ಕೊಂದು ಹೂಳುತ್ತಾರೆ, 10 ಕಿಲೋಮೀಟರ್ ತನಕ ನಿಗಾ ಇಡುತ್ತಾರೆ. ಹಾಗೆ ಕೊಂದ ಕೋಳಿಗೆ, ನಾಶ ಮಾಡಿದ ಮೊಟ್ಟೆಗೆ, ಮೇವಿಗೆ ಸರ್ಕಾರದ ಪರಿಹಾರ ಇದೆ. ಅದಕ್ಕೂ ಮೊದಲು ತಾನಾಗಿ ಸತ್ತ ಕೋಳಿಗೆ ಪರಿಹಾರ ಇಲ್ಲ. ಲೆಕ್ಕ ಹಾಕಿ ನೋಡಿ. ಮುಚ್ಚಿಟ್ಟು ದಿನ ತಳ್ಳಿದಷ್ಟೂ ಪರಿಹಾರ ಸಿಗದ ಸಾವು ಹೆಚ್ಚುತ್ತದೆ. ಬೇಗ ಹೇಳಿದವನ ನಷ್ಟ ಚಿಕ್ಕದು.

ಗಾಳಿಸುದ್ದಿಯೂ ಅಷ್ಟೇ ನಷ್ಟ ಮಾಡುತ್ತದೆ. 2020ರ ಮಾರ್ಚಿನಲ್ಲಿ ಕೋಳಿಯಿಂದ ಕೊರೋನಾ ಬರುತ್ತದೆ ಎಂಬ ಸುಳ್ಳು ಮೊಬೈಲಿನಲ್ಲಿ ಹರಿದಾಡಿತು. ಕೋಳಿ ಬೆಲೆ ನೆಲಕಚ್ಚಿತು, ನಮ್ಮ ರಾಜ್ಯದಲ್ಲೇ ಜೀವಂತ ಕೋಳಿಗಳನ್ನು ಗುಂಡಿಗೆ ತಳ್ಳಿ ಹೂತರು. ನಾನು ಕೋಳಿ ಸಾಕಿಲ್ಲ, ನನಗೇನು ಅನ್ನಬೇಡಿ. ಎರಡೂ ತಾಲ್ಲೂಕಿನಲ್ಲಿ ಮೆಕ್ಕೆಜೋಳ ಬೆಳೆಯುತ್ತೇವೆ. ಆ ಜೋಳದ ದೊಡ್ಡ ಗಿರಾಕಿ ಕೋಳಿ ಆಹಾರದ ಕಾರ್ಖಾನೆ. ಕೋಳಿಯನ್ನು ಕೇಳುವವರಿಲ್ಲವಾದರೆ ಜೋಳವನ್ನು ಕೇಳುವವರೂ ಕಡಿಮೆಯಾಗುತ್ತಾರೆ.

ಆದ್ದರಿಂದ ಮನೆಗೆ ಹೋದ ಮೇಲೆ ಇಷ್ಟು ನೆನಪಿಡಿ.

1. ಒಂದೆರಡು ದಿನದಲ್ಲಿ ಗೂಡಿನ ಹಲವು ಕೋಳಿ ಸತ್ತರೆ, ಒಂದೇ ಕಡೆ ಹಲವು ಕಾಗೆ ಅಥವಾ ನೀರಹಕ್ಕಿ ಸತ್ತರೆ, ಅದೇ ದಿನ ಹತ್ತಿರದ ಪಶು ಆಸ್ಪತ್ರೆಗೆ ತಿಳಿಸಿ. 1962 ಸಂಖ್ಯೆಗೆ ಫೋನ್ ಮಾಡಿಯೂ ಹೇಳಬಹುದು.

2. ಸತ್ತ ಹಕ್ಕಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಕ್ಕಳು, ಬೆಕ್ಕು, ನಾಯಿ ಹತ್ತಿರ ಹೋಗದಂತೆ ಬುಟ್ಟಿ ಕವುಚಿ, ಡಾಕ್ಟರು ಬರುವ ತನಕ ಕಾಯಿರಿ. ಅವರು ಹೇಳಿದ ಮೇಲೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಹೂಳಿ.

3. ಆ ಗೂಡಿನ ಕೋಳಿಯನ್ನು ಮಾರಬೇಡಿ, ನೆಂಟರ ಮನೆಗೆ ಕಳಿಸಬೇಡಿ, ಕೊಯ್ಯಬೇಡಿ.

4. ಸಂತೆಯಿಂದ ತಂದ ಕೋಳಿಯನ್ನು ಎರಡು ಮೂರು ವಾರ ಬೇರೆ ಕಟ್ಟಿ ಸಾಕಿ, ಆಮೇಲೆ ಹಿಂಡಿಗೆ ಸೇರಿಸಿ. ಕೋಳಿಗೂ ಬಾತುಕೋಳಿಗೂ ಒಂದೇ ಗೂಡು ಬೇಡ.

5. ಗೂಡಿನ ಕೆಲಸಕ್ಕೆ ಒಂದು ಜೊತೆ ಚಪ್ಪಲಿ ಬೇರೆ ಇಡಿ. ಕೆಲಸ ಮುಗಿದ ಮೇಲೆ ಸೋಪಿನಿಂದ ಕೈ ತೊಳೆಯಿರಿ. ಈ ವೈರಸ್ ಸೋಪಿಗೆ ಹೆದರುತ್ತದೆ.

6. ಕೋಳಿ ಸತ್ತ ಮನೆಯಲ್ಲಿ ಯಾರಿಗಾದರೂ ಜ್ವರ, ಕೆಮ್ಮು, ಕಣ್ಣು ಕೆಂಪಾಗುವುದು ಆದರೆ ವೈದ್ಯರ ಹತ್ತಿರ ಹೋಗಿ, "ಮನೆಯಲ್ಲಿ ಕೋಳಿ ಸತ್ತಿವೆ" ಎಂಬ ಮಾತನ್ನು ಮರೆಯದೆ ಹೇಳಿ. ಕೇಳುವ ತನಕ ಕಾಯಬೇಡಿ.

ಸಂಘದವರಲ್ಲಿ ನನ್ನದೊಂದು ವಿನಂತಿ. ಸಂಘದ ನೋಟಿಸ್ ಬೋರ್ಡಿನಲ್ಲಿ ಪಶು ಆಸ್ಪತ್ರೆಯ ಫೋನ್ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆಸಿ. ಕೋಳಿ ಸತ್ತ ಸುದ್ದಿ ತಂದವರಿಗೆ ಗದರದೆ, ನಗದೆ, ಒಂದು ಪುಸ್ತಕದಲ್ಲಿ ಬರೆದುಕೊಂಡು ಆಸ್ಪತ್ರೆಗೆ ಮುಟ್ಟಿಸುವ ವ್ಯವಸ್ಥೆ ಮಾಡಿ. ಒಬ್ಬ ಸದಸ್ಯನ ಸಾಲಕ್ಕೆ ಇನ್ನೊಬ್ಬ ಜಾಮೀನು ನಿಲ್ಲುವುದು ಸಹಕಾರ. ಒಬ್ಬನ ಗೂಡಿನ ಸುದ್ದಿಗೆ ಊರೆಲ್ಲ ಕಿವಿಗೊಡುವುದೂ ಸಹಕಾರವೇ. ಆ ಸುದ್ದಿ ಹೇಳಿದವನಿಗೆ ಊರಿನಲ್ಲಿ ಅವಮಾನ ಆಗದಂತೆ ನೋಡಿಕೊಂಡರೆ ಅರ್ಧ ರೋಗ ತಡೆದಂತೆ.

1957ರಲ್ಲಿ ಕ್ಯಾಸನೂರು ಕಾಡಿನ ಸತ್ತ ಮಂಗಗಳು ಜಗತ್ತಿಗೇ ಒಂದು ಸುದ್ದಿ ಕೊಟ್ಟವು. ಅದನ್ನು ಕೇಳಿಸಿಕೊಂಡವರಿಂದ ನಮಗೆ ತಿಳಿವಳಿಕೆ ಬಂತು. ನಾಳೆ ನಮ್ಮ ಹಿತ್ತಲ ಕೋಳಿಯೋ, ಬೇಲಿಯ ಕಾಗೆಯೋ ಅಂಥದೇ ಸುದ್ದಿ ಕೊಟ್ಟರೆ ಕೇಳಿಸಿಕೊಳ್ಳುವ ಸರದಿ ನಮ್ಮದು. ಗುಡವಿಯ ಹಕ್ಕಿ ಗುಡವಿಯಲ್ಲಿ ಸುಖವಾಗಿರಲಿ, ನಿಮ್ಮ ಕೋಳಿ ನಿಮ್ಮ ಗೂಡಿನಲ್ಲಿ ಸುಖವಾಗಿರಲಿ, ಸಂಘ ಸುವರ್ಣ ಮಹೋತ್ಸವ ಕಾಣಲಿ ಎಂದು ಹಾರೈಸುತ್ತೇನೆ.